ಮಾಂಟ್ಗೊಮರಿಯ ಮೂವರು ತಾಯಂದಿರು
ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಕಲಾವಿದೆ ಮಿಶೆಲ್ ಬ್ರೌಡರ್ 2021ರಲ್ಲಿ ಮೂವರು ಹೆಂಗಸರ ಲೋಹದ ಪ್ರತಿಮೆಗಳನ್ನು ನಿಲ್ಲಿಸಿದರು: ಅನಾರ್ಕಾ, ಬೆಟ್ಸಿ, ಲೂಸಿ. ‘ಆಧುನಿಕ ಸ್ತ್ರೀರೋಗ ಶಾಸ್ತ್ರದ ಪಿತಾಮಹ’ ಎಂದು ವೈದ್ಯಲೋಕ ಹಾಡಿ ಹೊಗಳಿದ ಜೆ. ಮರಿಯನ್ ಸಿಮ್ಸ್ 1840ರ ದಶಕದಲ್ಲಿ ಇದೇ ಊರಿನಲ್ಲಿ ಪ್ರಯೋಗ ನಡೆಸಿದ್ದು ಈ ಗುಲಾಮ ಹೆಣ್ಣುಮಕ್ಕಳ ಮೈಮೇಲೆ. ಕಷ್ಟದ ಹೆರಿಗೆಯಲ್ಲಿ ಒಳಗೆ ತೂತು ಬಿದ್ದು, ಹಗಲೂ ರಾತ್ರಿ ಮೂತ್ರ ಸೋರುವ ಕಾಯಿಲೆ ಅವರದು. ಅರಿವಳಿಕೆ ಕೊಡಲಿಲ್ಲ, ಒಪ್ಪಿಗೆ ಕೊಡುವ ಹಕ್ಕಿದ್ದದ್ದು ಒಡೆಯರಿಗೆ. ಅನಾರ್ಕಾ ಒಬ್ಬಳಿಗೇ ಸುಮಾರು 30 ಸಲ ಶಸ್ತ್ರಚಿಕಿತ್ಸೆ. ಕಪ್ಪು ಜನಕ್ಕೆ ನೋವು ಕಡಿಮೆ ಎಂಬ ಸುಳ್ಳನ್ನು ಆಗ ಎಷ್ಟೋ ವೈದ್ಯರು ನಂಬಿದ್ದರು. ಅಂಥ ನಂಬಿಕೆಗಳು ಇನ್ನೂ ಸತ್ತಿಲ್ಲ ಎಂಬುದನ್ನು ವರ್ಜೀನಿಯಾದ ವೈದ್ಯವಿದ್ಯಾರ್ಥಿಗಳ ನಡುವೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬ್ರೌಡರ್ ಜನ ಎಸೆದ ಗುಜರಿ ಲೋಹವನ್ನೇ ಬೆಸುಗೆ ಹಾಕಿ ಈ ಪ್ರತಿಮೆಗಳನ್ನು ಮಾಡಿದ್ದಾರೆ. ಅನಾರ್ಕಾ ಸುಮಾರು 15 ಅಡಿ ಎತ್ತರ, ಹೊಟ್ಟೆಯ ಜಾಗ ಖಾಲಿ. ಅವಳ ಗರ್ಭಕೋಶ ಬೇರೆಯೇ ನಿಂತಿದೆ, ಒಳಗೆಲ್ಲ ಸೂಜಿ, ಕತ್ತರಿ, ಗಾಜಿನ ಚೂರು. ಬೆಟ್ಸಿಯ ಕಿರೀಟದಲ್ಲಿ ಸ್ಪೆಕ್ಯುಲಮ್ ಇದೆ. ಸಿಮ್ಸ್ ಚಮಚ ಬಗ್ಗಿಸಿ ಮೊದಲು ರೂಪಿಸಿದ, ಇವರ ಮೈಯೊಳಗೆ ತೂರಿಸಿದ ಸಲಕರಣೆ ಅದು. ಅದನ್ನೇ ನೆತ್ತಿಗೇರಿಸಿದ್ದು ಇಡೀ ಕೃತಿಯ ಅತಿ ದೊಡ್ಡ ಧೈರ್ಯವೆಂದು ನನಗನ್ನಿಸುತ್ತದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಸಿಮ್ಸ್ ಪ್ರತಿಮೆಯನ್ನು 2018ರಲ್ಲೇ ಎತ್ತಿಸಿದ್ದರು. ಮಾಂಟ್ಗೊಮರಿಯಲ್ಲಿ ಆತ ಚಿಕಿತ್ಸೆ ನಡೆಸುತ್ತಿದ್ದ ಜಾಗವನ್ನೇ ಬ್ರೌಡರ್ ಆಮೇಲೆ ಕೊಂಡರು. ಅಲ್ಲಿ ವಸ್ತುಸಂಗ್ರಹಾಲಯದ ಜೊತೆಗೆ ಹೆಂಗಸರಿಗೊಂದು ಕ್ಲಿನಿಕ್ಕೂ ಆಗಬೇಕೆಂಬುದು ಅವರ ಹಠ.