ಹರಿಯುವ ನೀರಿನ ನಂಬಿಕೆ ನಿಂತ ನೀರಿಗೆ ಸಾಲದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಯಾವ ರಸ್ತೆಯಲ್ಲಿ ಹೋದರೂ ಮನೆಯ ಮೇಲೋ ಹಿತ್ತಲ ಧರೆಯ ಮೇಲೋ ಒಂದು ಕಪ್ಪು ಟ್ಯಾಂಕ್ ಕಾಣುತ್ತದೆ. 500 ಲೀಟರಿನದೋ, ಸಾವಿರ ಲೀಟರಿನದೋ. ಓದುತ್ತಿರುವ ನಿಮಗೆ ನಮ್ಮದೊಂದು ಪ್ರಶ್ನೆ. ನಿಮ್ಮ ಮನೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿ ಎಷ್ಟು ದಿನವಾಯ್ತು?

ಬಹಳ ಮನೆಗಳಲ್ಲಿ ಸಿಗುವ ಉತ್ತರ, "ಹಾಕಿಸಿದಾಗ ನೋಡಿದ್ದು" ಅಂತ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ನಮ್ಮದು ಗುಡ್ಡದ ನೀರು, ಅದಕ್ಕೆ ಏನೂ ಆಗಲ್ಲ."

ಈ ಎರಡನೇ ಮಾತಿನ ಬಗ್ಗೆಯೇ ನಾವು ಬರೆಯುತ್ತಿದ್ದೇವೆ. ಈ ನಂಬಿಕೆ ಹಿಂದೆ ಸುಳ್ಳಾಗಿರಲಿಲ್ಲ, ಈಗ ಸಾಲುವುದಿಲ್ಲ.

ನಮ್ಮ ಅಜ್ಜಂದಿರ ಕಾಲದಲ್ಲಿ ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು. ಹಗಲು ರಾತ್ರಿ ಸುರಿಯುತ್ತಿತ್ತು. ಬೇಕಾದಷ್ಟು ಕೊಡದಲ್ಲಿ ಹಿಡಿದು, ಉಳಿದದ್ದು ತೋಟಕ್ಕೆ ಹೋಗುತ್ತಿತ್ತು. ಕೊಡವನ್ನು ದಿನಾ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತಿದ್ದರು. ಅಂದರೆ ನೀರು ನಿಲ್ಲುತ್ತಲೇ ಇರಲಿಲ್ಲ, ನಿಲ್ಲುವ ಪಾತ್ರೆಯನ್ನು ದಿನವೂ ತೊಳೆಯುತ್ತಿದ್ದರು.

ದಬ್ಬೆ ಹೋಗಿ ಕಪ್ಪು ಪೈಪ್ ಬಂತು, ಕೊಡದ ಜಾಗಕ್ಕೆ ಟ್ಯಾಂಕ್ ಬಂತು. ಹರಿಯುತ್ತಿದ್ದ ನೀರು ನಿಲ್ಲತೊಡಗಿತು. ನಮ್ಮ ನಂಬಿಕೆ ಮಾತ್ರ ಹರಿಯುವ ನೀರಿನ ಕಾಲದ್ದೇ ಉಳಿಯಿತು. ಕೊಡ ತೊಳೆಯುತ್ತಿದ್ದ ಮನೆಯಲ್ಲಿ ಟ್ಯಾಂಕ್ ತೊಳೆಯುವವರಿಲ್ಲ.

ಒಳಗೆ ಏನಿರುತ್ತದೆ? ತಳದಲ್ಲಿ ಮಣ್ಣಿನ ಗೊಚ್ಚೆ, ಗೋಡೆಗೆ ಕೈ ಜಾರುವ ಲೋಳೆ. ಮುಚ್ಚಳ ಸರಿಯಿಲ್ಲದಿದ್ದರೆ ಎಲೆ, ಹಲ್ಲಿ, ಕಪ್ಪೆ, ಕೆಲವು ಸಲ ಇಲಿ. ಗುಡ್ಡದ ಮೇಲಿನ ಗುಂಡಿಯಿಂದ ಪೈಪ್ ಎಳೆದಿದ್ದರೆ, ಆ ಗುಂಡಿಯಲ್ಲಿ ಹಂದಿ ಹೊರಳಿದ್ದೂ ದನ ನೀರು ಕುಡಿದದ್ದೂ ಸೇರಿಯೇ ಬರುತ್ತದೆ. ಮೊದಲ ಮಳೆಗೆ ಗುಡ್ಡದ ಕೊಳೆಯೆಲ್ಲ ತೊಳೆದುಕೊಂಡು ಆ ಗುಂಡಿಗೇ ಇಳಿಯುತ್ತದೆ.

ನೀರಿನಿಂದ ಬರುವ ಕಾಯಿಲೆಯ ಕಷ್ಟ ಏನೆಂದರೆ ಅದು ತಕ್ಷಣ ಗೊತ್ತಾಗುವುದಿಲ್ಲ. ವಾಂತಿ ಭೇದಿಯಾದರೆ ಒಂದೆರಡು ದಿನದಲ್ಲಿ ಕಾಣುತ್ತದೆ. ಆದರೆ ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಎ ಕಾಮಾಲೆ, ಸೋಂಕು ದೇಹಕ್ಕೆ ಸೇರಿದ ಎರಡರಿಂದ ಏಳು ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಜೂನ್‌ನಲ್ಲಿ ಕುಡಿದ ನೀರಿಗೆ ಜುಲೈನಲ್ಲಿ ಕಣ್ಣು ಹಳದಿಯಾಗುತ್ತದೆ. ಅಷ್ಟು ಹೊತ್ತಿಗೆ ಟ್ಯಾಂಕ್ ಯಾರ ನೆನಪಿನಲ್ಲೂ ಇರುವುದಿಲ್ಲ. ಮದುವೆ ಊಟಕ್ಕೋ ಹೋಟೆಲಿಗೋ ಬೈದು, ಕಾಮಾಲೆಯ ನಾಟಿ ಮದ್ದು ಹುಡುಕಿಕೊಂಡು ಹೋಗುತ್ತೇವೆ. ಮನೆಯ ಉಳಿದವರು ಅದೇ ಟ್ಯಾಂಕಿನ ನೀರು ಕುಡಿಯುತ್ತಲೇ ಇರುತ್ತಾರೆ.

ಡೆಂಗಿಯದ್ದು ಇನ್ನೊಂದು ಕತೆ. ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ನಾವು ಕುಡಿಯುವಂಥ ತಿಳಿನೀರೇ ಬೇಕು. ಅದು ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಟ್ಯಾಂಕಿನ ಗೋಡೆಗೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತಾಗಿದರೆ ಮರಿಯಾಗುತ್ತದೆ. ಹಾಗಾಗಿ ಟ್ಯಾಂಕ್ ಬರೀ ಖಾಲಿ ಮಾಡಿ ತುಂಬಿದರೆ ಆಗುವುದಿಲ್ಲ, ಗೋಡೆ ಉಜ್ಜಲೇಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ಹಾಕುವ ನಿಯಮ ತಂದಿತು. ದಂಡಕ್ಕೆ ಹೆದರಿ ಅಲ್ಲದಿದ್ದರೂ ಜ್ವರಕ್ಕೆ ಹೆದರಿಯಾದರೂ ಮುಚ್ಚಳ ಸರಿಮಾಡಿಸಬೇಕು.

ನಮ್ಮ ಮೂರು ತಾಲ್ಲೂಕಿಗೆ ವಿಶೇಷವಾದ ಇನ್ನೊಂದು ಅಪಾಯವಿದೆ: ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಕೊಳೆ ರೋಗಕ್ಕೆ ಇದಿಲ್ಲದೆ ಅಡಿಕೆ ಉಳಿಯುವುದಿಲ್ಲ, ಅದು ಸರಿ. ಆದರೆ ಮಳೆಗಾಲದಲ್ಲಿ ಔಷಧಿ ಕಲಸಿದ ಡ್ರಮ್ಮನ್ನೇ ಬೇಸಿಗೆಯಲ್ಲಿ ತೊಳೆದು ಕುಡಿಯುವ ನೀರು ತುಂಬಿಡುವ ಮನೆಗಳಿವೆ. ಡ್ರಮ್ಮಿಗೆ ನೀರು ಬಿಡುವ ಪೈಪನ್ನೇ ಆಮೇಲೆ ಟ್ಯಾಂಕಿಗೂ ಹಾಕುತ್ತಾರೆ. ಪೈಪಿನ ತುದಿ ದ್ರಾವಣದಲ್ಲಿ ಮುಳುಗಿದ್ದಾಗ ಮೇಲಿನ ನೀರು ನಿಂತರೆ, ದ್ರಾವಣ ಪೈಪಿನೊಳಗೆ ಹಿಂದಕ್ಕೆ ಎಳೆದುಕೊಳ್ಳಬಹುದು. ನೀರು ಕುದಿಸಿದರೆ ಕ್ರಿಮಿ ಸಾಯುತ್ತದೆ, ತಾಮ್ರ ಹೋಗುವುದಿಲ್ಲ. ಔಷಧಿಯ ಡ್ರಮ್, ಔಷಧಿಯ ಪೈಪ್ ಬೇರೆಯೇ ಇರಬೇಕು. ಅದಕ್ಕೆ ಕೆಂಪು ಬಣ್ಣ ಹಚ್ಚಿ, ಮನೆ ಮಕ್ಕಳಿಗೂ ಗೊತ್ತಾಗುತ್ತದೆ.

ಇಲ್ಲಿ ಒಂದು ಹೋಲಿಕೆ ಹೇಳಬೇಕು. ಮನೆಯನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ಊರೂರು ತಿರುಗುವ ಕ್ಯಾರವಾನ್‌ಗಳನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಪಕ್ಕದ ಕೇರಳ ಇಂಥ ಪ್ರವಾಸಕ್ಕಾಗಿಯೇ 2021ರಲ್ಲಿ ಒಂದು ನೀತಿ ತಂದಿತು. ಆ ಗಾಡಿಯಲ್ಲಿ ಕುಡಿಯುವ ನೀರಿಗೆ ಸಣ್ಣದೊಂದು ಟ್ಯಾಂಕ್ ಇರುತ್ತದೆ. ಅದನ್ನು ಇಟ್ಟುಕೊಂಡವರಿಗೆ ನಿಯಮ ಬಾಯಿಪಾಠ: ಕುಡಿಯುವ ನೀರಿನ ಪೈಪನ್ನು ಬೇರೆ ಯಾವುದಕ್ಕೂ ಬಳಸಬಾರದು. ಗಾಡಿ ನಿಲ್ಲಿಸಿ ಬಹಳ ದಿನ ಬಿಡುವುದಾದರೆ ಟ್ಯಾಂಕ್ ಖಾಲಿ ಮಾಡಬೇಕು. ಆರು ತಿಂಗಳಿಗೊಮ್ಮೆಯಾದರೂ ಕ್ಲೋರಿನ್ ಹಾಕಿ ಟ್ಯಾಂಕ್, ಪೈಪ್, ನಲ್ಲಿ ಎಲ್ಲವನ್ನೂ ತೊಳೆಯಬೇಕು. ವರ್ಷಕ್ಕೆ ನಾಲ್ಕು ದಿನ ಪ್ರವಾಸ ಹೋಗುವವರು ಇಷ್ಟು ಮಾಡುತ್ತಾರೆ. ವರ್ಷವಿಡೀ ಅದೇ ಟ್ಯಾಂಕಿನ ನೀರು ಕುಡಿಯುವ ನಾವು ಮಾಡುವುದಿಲ್ಲ.

ಮಾಡುವುದು ಕಷ್ಟವೇನಲ್ಲ. ಟ್ಯಾಂಕ್ ಖಾಲಿ ಮಾಡಿ, ತಳದ ಮಣ್ಣು ತೆಗೆದು, ಗೋಡೆಯನ್ನು ಬ್ರಷ್‌ನಿಂದ ಉಜ್ಜಿ ಹೊರಗೆ ಚೆಲ್ಲಿ. ಮತ್ತೆ ನೀರು ತುಂಬುತ್ತಾ, ಸಾವಿರ ಲೀಟರಿಗೆ ಸುಮಾರು 150 ಗ್ರಾಂ, 500 ಲೀಟರಿಗಾದರೆ 75 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಲೆಕ್ಕ ಹಿಡಿಯಿರಿ. ಪುಡಿಯನ್ನು ನೇರವಾಗಿ ಹಾಕಬೇಡಿ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ಮಾತ್ರ ಸುರಿಯಿರಿ. ಮನೆಯ ಒಂದೊಂದೇ ನಲ್ಲಿ ಬಿಟ್ಟು, ಕ್ಲೋರಿನ್ ವಾಸನೆ ಬಂದ ಕೂಡಲೇ ನಿಲ್ಲಿಸಿ. ರಾತ್ರಿಯಿಡೀ ಬಿಡಿ. ಈ ನೀರನ್ನು ಯಾರೂ ಕುಡಿಯಬಾರದು, ದನಕ್ಕೂ ಕೊಡಬಾರದು. ಬೆಳಗ್ಗೆ ಪೂರ್ತಿ ಖಾಲಿ ಮಾಡಿ, ಒಳ್ಳೆಯ ನೀರಿನಿಂದ ತೊಳೆದು ತುಂಬಿಸಿ. ಖಾಲಿ ಮಾಡುವಾಗ ಮೀನಿರುವ ಹಳ್ಳಕ್ಕೆ ಬಿಡಬೇಡಿ.

ಇದು ತೊಳೆಯುವ ದಿನದ ಲೆಕ್ಕ. ದಿನವೂ ಕುಡಿಯುವ ನೀರಿಗೆ ಹಾಕುವ ಪ್ರಮಾಣ ಬಹಳ ಕಡಿಮೆ, ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. ಹಾಕಿ ಅರ್ಧ ಗಂಟೆ ಬಿಟ್ಟು ಬಳಸಬೇಕು. ಕೆಂಪು ನೀರಿಗೆ ಹಾಕಿದರೆ ಪ್ರಯೋಜನ ಕಡಿಮೆ, ಮೊದಲು ತಿಳಿಯಾಗಬೇಕು. ಇನ್ನೊಂದು ಮಾತು: ನಮ್ಮ ಮಳೆಗಾಲದ ತೇವಕ್ಕೆ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಶಕ್ತಿ ಕಳೆದುಕೊಳ್ಳುತ್ತದೆ. ಹೋದ ವರ್ಷದ ಪೊಟ್ಟಣ ಬರೀ ಸುಣ್ಣ ಅಂದುಕೊಳ್ಳಿ.

ಜೀವದ ವಿಷಯ ಎರಡು. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್, ಟಾಯ್ಲೆಟ್ ತೊಳೆಯುವ ದ್ರವ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಮುಚ್ಚಿದ ಸಿಮೆಂಟ್ ಸಂಪಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರು ನಿಂತಿರಬೇಕು.

ಇನ್ನು ಪಂಚಾಯಿತಿ ಟ್ಯಾಂಕಿನ ಮಾತು. ಜಲಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ನಮ್ಮಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಅಂತ ಹೆಸರು. ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಅನ್ನುವುದು ಗುರಿ. ಟ್ಯಾಂಕ್ ಉದ್ಘಾಟನೆಗೆ ಟೇಪು, ಕತ್ತರಿ, ಫೋಟೋ ಎಲ್ಲ ಇರುತ್ತದೆ. ಟ್ಯಾಂಕ್ ತೊಳೆದ ದಿನಕ್ಕೆ ಒಂದು ಗೆರೆಯ ದಾಖಲೆಯೂ ಜನರ ಕಣ್ಣಿಗೆ ಬೀಳುವುದಿಲ್ಲ.

ಇದು ಸಣ್ಣ ವಿಷಯವಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಅದು ಬಯಲುಸೀಮೆ, ನಮ್ಮದು ಮಲೆನಾಡು ಅಂತ ಸುಮ್ಮನಿರುವ ಹಾಗಿಲ್ಲ. ಟ್ಯಾಂಕಿನೊಳಗೆ ಬಂದ ಮೇಲೆ ಎಲ್ಲ ಸೀಮೆಯ ನೀರೂ ಒಂದೇ.

ಎಲ್ಲವನ್ನೂ ನೀರುಗಂಟಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ನಮ್ಮಲ್ಲಿ ಮನೆಗಳು ಒಂದೊಂದು ಗುಡ್ಡಕ್ಕೆ ಒಂದೊಂದು. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಅಷ್ಟೂ ಟ್ಯಾಂಕ್ ನೋಡಿಕೊಳ್ಳುವವರು ಒಬ್ಬರೋ ಇಬ್ಬರೋ. ಅವರಿಗೆ ಕೈಗವಸು, ಏಣಿ, ಹೊಸ ಬ್ಲೀಚಿಂಗ್ ಪೌಡರ್ ಮತ್ತು ತಿಂಗಳ ಸಂಬಳ ಸಮಯಕ್ಕೆ ಸಿಗಬೇಕು. ಕೇಳುವುದಾದರೆ ಅದನ್ನೂ ಕೇಳಬೇಕು.

ಹಾಗಾಗಿ ನಮ್ಮ ಒತ್ತಾಯ ಇಷ್ಟು. ಮೂರು ತಾಲ್ಲೂಕಿನ ಪ್ರತಿ ಪಂಚಾಯಿತಿ ಟ್ಯಾಂಕ್, ಶಾಲೆ, ಅಂಗನವಾಡಿ ಟ್ಯಾಂಕಿನ ಮೇಲೆ ಎರಡು ದಿನಾಂಕ ಬಣ್ಣದಲ್ಲಿ ಬರೆಯಲಿ: ತೊಳೆದದ್ದು ಯಾವಾಗ, ಮುಂದೆ ತೊಳೆಯುವುದು ಯಾವಾಗ. ಇದಕ್ಕೆ ಹೊಸ ಅನುದಾನ ಬೇಡ, ಒಂದು ಡಬ್ಬಿ ಪೇಂಟ್ ಸಾಕು. ಹೋಂಸ್ಟೇಗಳೂ ಹಾಗೇ ಮಾಡಲಿ. ಶೃಂಗೇರಿಗೆ ಬಂದವರು ನಮ್ಮ ಊರಿನ ನೀರು ನಂಬಿ ಕುಡಿಯುತ್ತಾರೆ.

ಜಲಜೀವನ್ ನಿಯಮದಂತೆ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು. ನಿಮ್ಮ ಊರಿನ ಆ ಐವರು ಯಾರು? ಕಿಟ್ ಎಲ್ಲಿದೆ? ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಪ್ರಶ್ನೆ ಕೇಳಿ. ಉತ್ತರ ಬಂದರೆ ನಿಮ್ಮ ಗುಡ್ಡದ ನೀರಿನ ಒಂದು ಬಾಟಲಿಯನ್ನೂ ಅವರ ಕೈಗೆ ಕೊಡಿ.

ಮನೆಯ ಟ್ಯಾಂಕಿಗೆ ದಿನಾಂಕ ಹುಡುಕುವ ಕಷ್ಟವೂ ಇಲ್ಲ. ದೀಪಾವಳಿಗೆ ನಮ್ಮಲ್ಲಿ ನೀರು ತುಂಬುವ ಹಬ್ಬವಿದೆ. ಬಚ್ಚಲ ಹಂಡೆ ಫಳಫಳ ಉಜ್ಜಿ, ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತೇವೆ. ಹಿರಿಯರು ವರ್ಷಕ್ಕೊಂದು ದಿನ ಇಟ್ಟದ್ದೇ ಇದಕ್ಕೆ. ಸ್ನಾನದ ಹಂಡೆಗೆ ಸಿಗುವ ಮರ್ಯಾದೆ ಕುಡಿಯುವ ಟ್ಯಾಂಕಿಗೂ ಸಿಗಲಿ. ಅದರಿಂದ ಸುಮಾರು ಐದು ತಿಂಗಳಿಗೆ ಯುಗಾದಿ ಬರುತ್ತದೆ, ಅಬ್ಬಿ ಬತ್ತುವ ಮೊದಲು ಇನ್ನೊಂದು ಸಲ ತೊಳೆಯಿರಿ. ಮೊದಲ ಮಳೆ ಹೊಡೆದಾಗ ಎರಡು ದಿನ ಗುಡ್ಡದ ಪೈಪ್ ಬಿಚ್ಚಿಡಿ.

ಇಷ್ಟಕ್ಕೂ ಯಾರ ಸಹಿಯೂ ಬೇಡ, ಅರ್ಜಿಯೂ ಬೇಡ. ಇವತ್ತು ಸಂಜೆ ಬೆಳಕಿರುವಾಗಲೇ ಏಣಿ ಹಾಕಿ ಮುಚ್ಚಳ ತೆಗೆದು ನೋಡಿ. ಕಂಡದ್ದನ್ನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮನೆಯವರಿಗೆ ತೋರಿಸಿ. ಉಳಿದದ್ದನ್ನು ನಾವು ಬರೆದು ಹೇಳಬೇಕಾಗುವುದಿಲ್ಲ.