ಲಾರಿಗೆ ಪರೀಕ್ಷೆ, ಸಡಕಿಗೆ ಬೇಡವೇ?

2025ನೆಯ ಇಸವಿಯ ಜನವರಿ 22ನೆಯ ದಿನ ಬೆಳಗಾಗುವ ಮುನ್ನ ಸವಣೂರಿನ ಹಣ್ಣು-ಕಾಯಿಪಲ್ಲೆಯ ವ್ಯಾಪಾರಿಗಳು ಕುಮಟೆಯ ಸಂತೆಗೆಂದು ಲಾರಿಯೊಂದರಲ್ಲಿ ಹೊರಟಿದ್ದರು. ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಸಮೀಪದಲ್ಲಿ, ಘಟ್ಟದ ದಾರಿಯಲ್ಲಿ, ಮತ್ತೊಂದು ವಾಹನಕ್ಕೆ ದಾರಿ ಬಿಡಬೇಕೆಂದು ಚಾಲಕನು ಲಾರಿಯನ್ನು ಎಡಕ್ಕೆ ಸರಿಸಿದನು. ಕಂದರದ ಕಡೆಗೆ ಸಡಕಿಗೆ ತಡೆಗೋಡೆ ಇರಲಿಲ್ಲ. ಲಾರಿಯು ಸುಮಾರು 50 ಮೀಟರು ಆಳಕ್ಕೆ ಉರುಳಿತು. ಸಂತೆಯಿಂದ ಸಂತೆಗೆ ಸಂಸಾರ ತೂಗಿಸುವ ಹತ್ತು ಜನ ಬಡವರು ಪ್ರಾಣ ಬಿಟ್ಟರು.

ಇಂಥ ಅನಾಹುತವಾದ ಮರುದಿನ ನಮ್ಮಲ್ಲಿ ಏನು ನಡೆಯುವದೆಂಬುದು ವಾಚಕರಿಗೆ ಗೊತ್ತಿದ್ದದ್ದೇ. ಮಂತ್ರಿಗಳು ಮರುಗುವರು, ಪರಿಹಾರ ಸಾರುವರು, ನಾಲ್ಕು ದಿನ ನಾಕೆಗಳಲ್ಲಿ ಲಾರಿಗಳನ್ನು ತಡೆದು ಕಾಗದಪತ್ರ ನೋಡುವರು. ಐದನೆಯ ದಿನ ನಾಕೆ ಬರಿದಾಗುವದು. ತಡೆಗೋಡೆಯಿಲ್ಲದ ಆ ತಿರುವಿಗೆ ಹೋಗಿ, ಇದನ್ನು ಕಟ್ಟಿದವರು ಯಾರು, ನೋಡಿಕೊಳ್ಳಬೇಕಾದವರು ಯಾರು, ಎಂದು ಕೇಳುವವರು ಮಾತ್ರ ಯಾರೂ ಇಲ್ಲ.

ಲಾರಿಯ ಪರೀಕ್ಷೆ ಬೇಡವೆಂದು ನಾವು ಹೇಳುವದಿಲ್ಲ; ಅದು ಈಗಿಗಿಂತ ಬಿಗಿಯಾಗಬೇಕು. 1988ನೆಯ ಮೋಟಾರು ವಾಹನ ಕಾಯಿದೆಯ 56ನೆಯ ಕಲಮಿನ ಪ್ರಕಾರ ಅರ್ಹತಾಪತ್ರವಿಲ್ಲದ ಲಾರಿಯು ಸಡಕಿಗೆ ಇಳಿಯುವಂತಿಲ್ಲ. ಎಂಟು ವರ್ಷ ವಯಸ್ಸಾಗುವ ತನಕ ಎರಡು ವರ್ಷಕ್ಕೊಮ್ಮೆ, ಆ ಬಳಿಕ ವರ್ಷಕ್ಕೊಮ್ಮೆ ಅದರ ಬ್ರೇಕು, ದೀಪ, ಚಕ್ರ, ಚುಕ್ಕಾಣಿಗಳ ತಪಾಸಣೆಯಾಗಬೇಕು. ಆದರೆ ಈ ಪರೀಕ್ಷೆಯು ಒಂದು ದಿನದ್ದು. ಅಂದು ಹೊಸ ಚಕ್ರ ತೊಡಿಸಿ, ದೀಪ ಹಚ್ಚಿ ತಂದ ಗಾಡಿಯು ಮರುದಿನ ಹಳೆಯ ಚಕ್ರದಲ್ಲಿ ಓಡಿದರೆ ಪತ್ರವೇನು ಮಾಡೀತು? ಘಟ್ಟವಿಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಹಿಡಿತ ತಪ್ಪುವದೆಂಬ ಪಾಠವನ್ನು ಯಾವ ಪತ್ರ ಕಲಿಸೀತು? ಇನ್ನು ಚಾಲಕನ ನಿದ್ದೆಯ ಮಾತಂತೂ ಯಾವ ಕಾಗದದಲ್ಲಿಯೂ ಇಲ್ಲ. ದಿನಕ್ಕೆ ಎಂಟು ತಾಸು, ವಾರಕ್ಕೆ ನಾಲ್ವತ್ತೆಂಟು ತಾಸು ಎಂದು 1961ನೆಯ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ಮೇರೆ ಹಾಕಿತ್ತು. ಆ ಮೇರೆಯೊಳಗೆ ದುಡಿಯುವ ಲಾರಿಯ ಚಾಲಕನನ್ನು ವಾಚಕರು ಕಂಡಿದ್ದರೆ ನನಗೂ ತೋರಿಸಬೇಕು.

ಅಸ್ತು, ಲಾರಿಯ ಮಾತಾಯಿತು. ಈಗ ಸಡಕಿನ ಮಾತು.

ಬೆಳಗಾವಿಯಿಂದ ಬೀದರದ ವರೆಗೆ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬಹುಭಾಗ ಎರೆಯ ಭೂಮಿ. ಮಳೆಗೆ ಅದು ಉಬ್ಬುವದು, ಬೇಸಗೆಗೆ ಬಿರಿಯುವದು. ಜೋಳಕ್ಕೂ ಹತ್ತಿಗೂ ತಾಯಿಯಾದ ಈ ಮಣ್ಣು ಸಡಕಿಗೆ ಶತ್ರು. ಇದರ ಮೇಲೆ ದಾರಿ ಮಾಡುವವನು ಮೇಲಿನ ಎರೆಯನ್ನು ತೆಗೆದು ಮುರುಮು ತುಂಬಬೇಕು, ಇಲ್ಲವೆ ಸುಣ್ಣ ಬೆರೆಸಿ ಮಣ್ಣನ್ನು ಗಟ್ಟಿಗೊಳಿಸಬೇಕು. ಎರಡೂ ಬದಿಗೆ ನೀರು ಹರಿದುಹೋಗಲು ಕಾಲುವೆ ತೋಡಬೇಕು. ಶಿಲ್ಪಶಾಸ್ತ್ರ ಓದಿದ ಯಾವ ಹುಡುಗನೂ ಇದನ್ನು ಬಲ್ಲನು. ಇಷ್ಟನ್ನು ಮಾಡದೆ ಎರೆಯ ಮೇಲೆ ಖಡಿ ಚೆಲ್ಲಿ ಡಾಂಬರು ಸವರಿದರೆ ಎರಡು ಮಳೆಗಾಲದಲ್ಲಿ ತಗ್ಗು-ದಿನ್ನೆ ಕಾಣಿಸಿಕೊಳ್ಳುವದರಲ್ಲಿ ಆಶ್ಚರ್ಯವೇನು? ಆಗ ಮತ್ತೆ ಟೆಂಡರು, ಮತ್ತೆ ತೇಪೆ, ಮತ್ತೆ ಬಿಲ್ಲು!

ಲಾರಿಯವರೇ ಮಿತಿಮೀರಿ ಹೇರಿ ಸಡಕು ಕೆಡಿಸಿದರಲ್ಲವೇ, ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದದ್ದೇ. 1958ರಿಂದ 1960ರ ವರೆಗೆ ಅಮೇರಿಕೆಯ ಇಲಿನಾಯ್ ಪ್ರಾಂತದಲ್ಲಿ ಸಡಕುಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನೋಡಿಸಿ ಪರೀಕ್ಷಿಸಿದರು. ಒಂದು ಅಚ್ಚಿನ ಮೇಲಿನ ಭಾರವು ಇಮ್ಮಡಿಯಾದರೆ ಸಡಕಿಗಾಗುವ ಪೆಟ್ಟು ಸುಮಾರು ಹದಿನಾರು ಮಡಿಯಾಗುವದೆಂದು ಅದರಿಂದ ತಿಳಿದುಬಂತು. ಆದುದರಿಂದ ಹೆಚ್ಚು ಹೇರುವದು ದಾರಿಯ ಕೊಲೆಯೇ ಸರಿ. ಆದರೆ 2018ರ ಜುಲೈಯಲ್ಲಿ ನಾಲ್ಕು ಚಕ್ರದ ಒಂದು ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದವರಾರು? ಸ್ವತಃ ಕೇಂದ್ರ ಸರಕಾರ! ಅದೇ ಲೆಕ್ಕದಂತೆ ಸಡಕಿನ ಮೇಲಿನ ಪೆಟ್ಟು ಒಂದೂವರೆ ಪಟ್ಟಿಗೂ ಮಿಕ್ಕಿತು. ದಾರಿಗಳನ್ನು ಆ ಪ್ರಮಾಣದಲ್ಲಿ ಬಲಪಡಿಸಿದ್ದನ್ನು ನಮ್ಮ ಕಡೆಯ ಹಳ್ಳಿಗರಾರೂ ಕಾಣರು.

ಇನ್ನು ಕಾಯಿದೆ ಮೀರಿದ ಹೇರಿನ ಮಾತು. ಹೆಚ್ಚು ಹೇರಿದ ಲಾರಿಗೆ 194ನೆಯ ಕಲಮಿನಂತೆ 20,000 ರೂಪಾಯಿ, ಮೇಲೆ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವುಂಟು. ಹೆಚ್ಚಿನ ಭಾರವನ್ನು ಅಲ್ಲಿಯೇ ಇಳಿಸಬೇಕೆಂದೂ ವಿಧಿಯುಂಟು. ಹೀಗಿದ್ದೂ ಬಳ್ಳಾರಿ, ಸೊಂಡೂರು, ಹೊಸಪೇಟೆಗಳ ಅದಿರು ವರ್ಷಗಟ್ಟಲೆ ಬೇಲೆಕೇರಿಯ ಬಂದರಿನ ವರೆಗೆ ಹೇಗೆ ಸಾಗಿತು? ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರ ಜುಲೈಯಲ್ಲಿ ಒಪ್ಪಿಸಿದ ವರದಿಯು ಮಿತಿಮೀರಿದ ಹೇರಿನ ಕಥೆಯನ್ನೂ ಹೇಳಿದೆ. ನಡುವೆ ನಾಕೆಗಳಿದ್ದವು, ಅಧಿಕಾರಿಗಳಿದ್ದರು. ಕಣ್ಣು ಮಾತ್ರ ಮುಚ್ಚಿದ್ದವು.

ವಕೀಲನಾದ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವದು ಕಾಯಿದೆಯ ತಕ್ಕಡಿಯನ್ನು ನೋಡಿದಾಗ. ಅಜಾಗರೂಕತೆಯಿಂದ ನಡೆಸಿ ಸಾವು ತಂದ ಚಾಲಕನಿಗೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷದ ವರೆಗೆ ಸೆರೆಮನೆ. ಸಡಕನ್ನು ಕೆಟ್ಟದ್ದಾಗಿ ಕಟ್ಟಿ ಸಾವು ತಂದ ಗುತ್ತಿಗೆದಾರನಿಗೆ? 2019ರ ತಿದ್ದುಪಡಿಯಿಂದ ಬಂದ 198ಎ ಕಲಮಿನಂತೆ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ ದಂಡ! ಕೋಟಿಗಳ ಗುತ್ತಿಗೆ ಹಿಡಿದವನಿಗೆ ಇದು ಶಿಕ್ಷೆಯೋ, ಕಾಣಿಕೆಯೋ? ಆ ಅಲ್ಪ ದಂಡವಾದರೂ ಬೀಳಬೇಕಾದರೆ ದಾರಿಯ ದೋಷವು ದಾಖಲೆಯಲ್ಲಿ ಬರಬೇಕು. ನಾನು ಓದಿದ ಪಂಚನಾಮೆಗಳಲ್ಲಿಯೋ ಮೇಲಿಂದ ಮೇಲೆ ಅದೇ ಒಂದು ವಾಕ್ಯ: ಅತಿವೇಗ ಮತ್ತು ಅಜಾಗರೂಕತೆ. ತಗ್ಗಿನ ಆಳವೆಷ್ಟು, ತಡೆಗೋಡೆ ಇತ್ತೋ ಇಲ್ಲವೋ, ಎಚ್ಚರಿಕೆಯ ಫಲಕವಿತ್ತೋ, ಎಂಬುದು ಅಲ್ಲಿ ಅಪರೂಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಮ್ಮವರು ನ್ಯಾಯಪದ್ಧತಿಯನ್ನಾಗಿ ಮಾಡಿಕೊಂಡಿದ್ದಾರೆ. ಮೂಟೆಯ ಮೇಲೆ ಕುಳಿತು ಹೋಗಿ ಸತ್ತವನ ಹೆಂಡಿರು ಮಕ್ಕಳು ನ್ಯಾಯಾಲಯಕ್ಕೆ ಬಂದರೆ, ಸರಕಿನ ಒಡೆಯನಾದರೂ ಕ್ಯಾಬಿನ್ನಿನಲ್ಲಿ ಕೂಡಬೇಕಾಗಿತ್ತು, ಹೊಣೆ ನಮ್ಮದಲ್ಲ, ಎಂದು ವಿಮೆಯವರು ವಾದಿಸುವರು. ಆ ವಾದಕ್ಕೆ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳ ಬಲವೂ ಇದೆ. ಸಂತೆಗೆ ಹೋಗುವ ಬಡವನಿಗೆ ಮೂಟೆಸಹಿತ ಹತ್ತಿಸಿಕೊಳ್ಳುವ ಬಸ್ಸು ಆ ಹೊತ್ತಿಗೆ ಇತ್ತೇ, ಎಂಬ ಪ್ರಶ್ನೆಗೆ ಮಾತ್ರ ಯಾವ ಕಲಮೂ ಉತ್ತರ ಕೊಡದು.

2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿಯ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಮಿಕ್ಕಿ ಜನ ಸತ್ತರು. ಎರಡೂ ಕಡೆಗೆ ವಿಶಾಲವಾದ ಹೆದ್ದಾರಿ, ನಡುವೆ ಸುಮಾರು 30 ಕಿಲೋಮೀಟರು ಇಕ್ಕಟ್ಟಾದ ದಾರಿ, ಅದಕ್ಕೂ ಸುಂಕ! ಅಗಲಗೊಳಿಸುವ ಕೆಲಸಕ್ಕೆ ಕೈ ಹಚ್ಚಿದ್ದು ಆ ಚಿತೆಗಳಾರಿದ ಮೇಲೆ. ಕರ್ನಾಟಕವು 1956ರಲ್ಲಿ ಒಂದಾಯಿತು. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು 175 ತಾಲೂಕುಗಳನ್ನು ತೂಗಿ ನೋಡಿದಾಗ ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವೇ ಆಗಿದ್ದವು. ನಕಾಶೆಯಲ್ಲಿ ನಾಡು ಕೂಡಿದರೆ ಸಾಲದು. ನೆಲದ ಮೇಲೆಯೂ ಕೂಡಬೇಕು. ನಾಡನ್ನು ನೆಲದ ಮೇಲೆ ಕೂಡಿಸುವ ದಾರವೇ ಸಡಕು.

ಆದುದರಿಂದ ನಮ್ಮ ಬೇಡಿಕೆಗಳಿವು. ಒಂದನೆಯದು, ಲಾರಿಗೆ ಇರುವಂತೆ ಸಡಕಿಗೂ ವರ್ಷಕ್ಕೊಮ್ಮೆ ಅರ್ಹತಾಪರೀಕ್ಷೆಯಾಗಬೇಕು. ಅದರ ಫಲವನ್ನೂ ಗುತ್ತಿಗೆದಾರನ ಹೆಸರನ್ನೂ ದಾರಿಯ ಬದಿಯಲ್ಲಿ ಕನ್ನಡದಲ್ಲಿ ಬರೆದು ನಿಲ್ಲಿಸಬೇಕು. ಎರಡನೆಯದು, ಸಾವಿನ ಪ್ರತಿಯೊಂದು ಪಂಚನಾಮೆಯಲ್ಲಿಯೂ ಸಡಕಿನ ಸ್ಥಿತಿಯನ್ನು ಬರೆಯಲೇಬೇಕು. ಮೂರನೆಯದು, ಘಟ್ಟದ ತಿರುವುಗಳಿಗೆ ಮಳೆಗಾಲಕ್ಕೆ ಮೊದಲು ತಡೆಗೋಡೆಯಾಗಬೇಕು. ನಾಲ್ಕನೆಯದು, ಹೇರು ತೂಗುವ ಕಾಟಾಗಳು ವರ್ಷದ ಎಲ್ಲ ರಾತ್ರಿಯೂ ತೆರೆದಿರಬೇಕು.

ಇವನ್ನು ಸರಕಾರವು ತಾನಾಗಿ ಕೊಡಲಾರದು. ಶಿಕ್ಷಕ ಬಂಧುಗಳೇ, ಪಟ್ಟಣದ ಪ್ರಮುಖರೇ, ಬರೆಯಬಲ್ಲವರು ನೀವು. ನಿಮ್ಮೂರ ಸಡಕನ್ನು ಯಾರು ಕಟ್ಟಿದರು, ಎಷ್ಟು ಹಣಕ್ಕೆ, ಎಷ್ಟು ವರ್ಷದ ಹೊಣೆಗೆ, ಎಂದು 2005ನೆಯ ಮಾಹಿತಿ ಹಕ್ಕಿನ ಕಾಯಿದೆಯಂತೆ ಒಂದು ಅರ್ಜಿ ಬರೆಯಿರಿ. ಹತ್ತು ರೂಪಾಯಿಯ ಕೆಲಸವದು. ಸವಣೂರಿನ ಆ ಹತ್ತು ಮನೆಗಳಿಗೆ ನಮ್ಮ ಕಣ್ಣೀರಿನಿಂದ ಏನೂ ಆಗದು. ಮುಂದಿನ ಸಂತೆಯ ಲಾರಿಯು ಆ ತಿರುವಿಗೆ ಬರುವದರೊಳಗೆ ಅಲ್ಲಿ ಗೋಡೆಯೊಂದು ಎದ್ದರೆ ಆದೀತು.