ಮನಸ್ಸಿನ ಗಾಯಕ್ಕೂ ಮದ್ದು ಕೇಳೋಣ



ಮೈಮೇಲಿನ ಗಾಯ ಎಣಿಸುವುದನ್ನು ನಾವು ಕಲಿತಿದ್ದೇವೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ನಮ್ಮವರ ಗುಡಿಸಲು ಸುಟ್ಟರು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎಳೆಗೂಸೊಂದು ಗುಡಿಯೊಳಗೆ ಓಡಿತೆಂದು ಅಪ್ಪನಿಗೆ ದಂಡ ಹಾಕಲು ಹೊರಟರು. ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ 2024ರಲ್ಲಿ ಕ್ಷೌರದಂಗಡಿಯಲ್ಲೇ ನಮ್ಮ ಹುಡುಗನೊಬ್ಬನ ಜೀವ ಹೋಯಿತು. ಇವಕ್ಕೆಲ್ಲ ಕೇಸು ಇದೆ, ಸೆಕ್ಷನ್ನು ಇದೆ. ಆದರೆ ಮನಸ್ಸಿಗಾದ ಗಾಯಕ್ಕೆ ಪಂಚನಾಮೆ ಮಾಡುವವರು ಯಾರು?

ಆ ಗಾಯ ನಮ್ಮ ಹಾಸ್ಟೆಲ್ಲುಗಳಲ್ಲಿ ಮುಸುಕು ಹೊದ್ದು ಮಲಗಿದೆ. ಅವ್ವ ಅಪ್ಪ ಗುಳೆ ಹೋಗಿದ್ದಾರೆ, ಫೀಜು ಬಾಕಿ ಇದೆ, ಹುಡುಗ ಊಟಕ್ಕೆ ಏಳುವುದಿಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲು ಕ್ಲಾಸಿಲ್ಲ. ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುವುದಿಲ್ಲ. ಮೊದಲು ಹಲಗೆ ಬಾರಿಸಿ ಹಾಡುತ್ತಿದ್ದವನಿಗೆ ಈಗ ಹಾಡೂ ಬೇಡ, ಗೆಳೆಯರೂ ಬೇಡ. ನಾವು ಏನನ್ನುತ್ತೇವೆ? 'ಮೈಗಳ್ಳ ಆಗ್ಯಾನ' ಅನ್ನುತ್ತೇವೆ. ಮನೆಯಲ್ಲಿ 'ಹುಲಿಗೆಮ್ಮಗ ಹರಕಿ ಹೊರ್ರಿ' ಅನ್ನುತ್ತಾರೆ. ಇಂಥ ಸ್ಥಿತಿ ಎರಡು ವಾರ ದಾಟಿದರೆ ಅದು ಸೋಮಾರಿತನವಲ್ಲ, ದೇವರ ಕಾಟವಲ್ಲ. ಖಿನ್ನತೆ ಇರಬಹುದು. ಅದು ಕಾಯಿಲೆ. ಅದಕ್ಕೆ ಮದ್ದಿದೆ.

ಕೆಲವು ಸಂಗಾತಿಗಳು ಕೇಳುತ್ತಾರೆ: 'ರೋಗ ಇರೋದು ಜಾತಿ ಮಾಡೋರ ತಲ್ಯಾಗ, ಗುಳಿಗಿ ನಾವ್ಯಾಕ ನುಂಗಬೇಕು?' ಪ್ರಶ್ನೆ ಸುಳ್ಳಲ್ಲ. ಯಾವ ಗುಳಿಗೆಯೂ ಅಸ್ಪೃಶ್ಯತೆಯನ್ನು ವಾಸಿ ಮಾಡುವುದಿಲ್ಲ. ಆದರೆ ಕಲ್ಲು ಹೊಡೆದವನ ಮೇಲೆ ಕೇಸು ಹಾಕುವ ನಾವು, ಒಡೆದ ತಲೆಗೆ ಹೊಲಿಗೆ ಹಾಕಿಸದೆ ಬಿಡುತ್ತೇವೆಯೆ? ಎರಡೂ ಆಗಬೇಕು. ಖಿನ್ನತೆಗೆ ಕಾರಣ ಜಾತಿಯೊಂದೇ ಅಲ್ಲ. ಸಾಲ, ಸಾವು, ಮುರಿದ ಪ್ರೀತಿ, ಮೈಯೊಳಗಿನ ಏರುಪೇರು ಯಾವುದೂ ಆದೀತು.

ಆಸ್ಪತ್ರೆಗೆ ಹೋದರೆ ಏನಾಗುತ್ತದೆ? ಹೆದರಿಕೆ ಇರುವುದು ಇಲ್ಲಿಯೇ. ಸರಪಳಿ ಹಾಕುವುದಿಲ್ಲ. ಮನೋವೈದ್ಯರು ಕೂರಿಸಿಕೊಂಡು ಕೇಳುತ್ತಾರೆ: ನಿದ್ದೆ ಹೇಗಿದೆ, ಊಟ ಸೇರುತ್ತದೆಯೆ, ಎಷ್ಟು ದಿನದಿಂದ ಹೀಗೆ, ಸಾಯಬೇಕು ಅನ್ನಿಸಿದೆಯೆ. 'ಖಿನ್ನತೆ' ಎಂಬ ಪುಸ್ತಕದ ಮಾತು ಬೇಕಿಲ್ಲ. 'ಜೀವಕ್ಕ ಸಾಕಾಗೈತ್ರಿ' ಅಂದರೆ ಸಾಕು. ಥೈರಾಯ್ಡ್, ರಕ್ತ ಕಮ್ಮಿ ಇದೆಯೇ ಎಂದು ಪರೀಕ್ಷೆ ಮಾಡಿಸಬಹುದು.

ಕಾಯಿಲೆ ಹಗುರಾಗಿದ್ದರೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಒಂದು ಗಂಟೆ, ಹೀಗೆ ಕೆಲವು ತಿಂಗಳು. ಅದು ಉಪದೇಶವಲ್ಲ. ಮನಸ್ಸು ಎಲ್ಲಿ ಸಿಕ್ಕಿಬಿದ್ದಿದೆ ಎಂದು ಇಬ್ಬರೂ ಕೂಡಿ ಹುಡುಕುವ ಕೆಲಸ. ಅಲ್ಲಿ ಜಾತಿಯ ಅವಮಾನವನ್ನೂ ಹೇಳಿ. 'ಅದೆಲ್ಲ ಈಗ ಎಲ್ಲಿದೆ' ಎಂದು ತಳ್ಳಿಹಾಕಿದರೆ ಬೇರೆಯವರನ್ನು ಕೇಳಿ, ಚಿಕಿತ್ಸೆಯನ್ನೇ ಬಿಡಬೇಡಿ.

ಗುಳಿಗೆ ಕೊಟ್ಟರೆ ನಾಳೆಯೇ ಗುಣ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಮೊದಲಿಗೆ ವಾಕರಿಕೆ, ತಲೆನೋವು ಬರಬಹುದು, ಸಾಮಾನ್ಯವಾಗಿ ಇಳಿಯುತ್ತವೆ. ಎಳೆ ವಯಸ್ಸಿನವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾದರೆ ಕೂಡಲೇ ವೈದ್ಯರಿಗೆ ಹೇಳಬೇಕು. ಇವು ಚಟ ಹಿಡಿಸುವ ಗುಳಿಗೆಗಳಲ್ಲ. ಆದರೆ ಗುಣವಾಯಿತೆಂದು ತಾವೇ ನಿಲ್ಲಿಸಬಾರದು. ಚೇತರಿಸಿಕೊಂಡ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನ ಇಳಿಸಬೇಕು.

ಇದು ಯಾರದೋ ದಯೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ನು ಚಿಕಿತ್ಸೆಯನ್ನು ಹಕ್ಕು ಎನ್ನುತ್ತದೆ. ಜಾತಿಯ ಭೇದ ಮಾಡಕೂಡದೆಂದು ಅದರಲ್ಲೇ ಬರೆದಿದೆ. ಬಡತನ ರೇಖೆಯ ಕೆಳಗಿನವರಿಗೆ ಉಚಿತ. ಹೇಳಿದ್ದನ್ನು ಗುಟ್ಟಾಗಿಡಬೇಕು, ಜೀವಕ್ಕೆ ಅಪಾಯವಿದ್ದಾಗಿನಂಥ, ಕಾಯ್ದೆ ಹೇಳಿದ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸಬಹುದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಪಕ್ಕದ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಆ ಕೆಲಸ ಶುರುಮಾಡಿತು. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಕೇಳಿ. ತಾಲೂಕು ಆಸ್ಪತ್ರೆಗಳಿಗೆ ಗೊತ್ತಾದ ಮಂಗಳವಾರ ಮನೋವೈದ್ಯರು ಬರಬೇಕೆಂದು ಮನೋಚೈತನ್ಯ ಕಾರ್ಯಕ್ರಮ ಇದೆ. ಯಾವ ಮಂಗಳವಾರ ಎಂದು ಚೀಟಿ ಕೊಡುವಲ್ಲಿ ವಿಚಾರಿಸಿ. ಟೆಲಿ ಮಾನಸ್ ಫೋನು 14416. ಹಗಲೂ ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲಿ ತರಬೇತಾದ ಆಪ್ತಸಲಹೆಗಾರರಿರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. ನಮ್ಮ ಕಾಲೇಜಿನಲ್ಲಿ ಇದ್ದಾರೆಯೆ? ಪ್ರಿನ್ಸಿಪಾಲರಿಗೆ, ಸಮಾಜ ಕಲ್ಯಾಣ ಅಧಿಕಾರಿಗೆ ಅರ್ಜಿ ಬರೆಯೋಣ. ಅರ್ಜಿಗೆ ಉತ್ತರ ಬರುವ ತನಕ ಒಂದು ಕೆಲಸ ನಮ್ಮದೇ. ಮುಸುಕು ಹೊದ್ದವನ ಹತ್ತಿರ ಕೂತು 'ಏನಾಗೈತೋ ತಮ್ಮಾ, ಸಾಯಬೇಕು ಅನಸ್ತೈತೇನು?' ಎಂದು ನೇರ ಕೇಳೋಣ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡದೆ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯೋಣ. ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಕ್ಕತಂಗಿಯರು ಇದನ್ನೇ ಮಾಡಲಿ.

ಸತ್ತವರ ಫೋಟೋಕ್ಕೆ ಹಾರ ಹಾಕಿ ನಮಗೆ ಸಾಕಾಗಿದೆ. ನಮ್ಮವರು ಬದುಕಬೇಕು, ನಿದ್ದೆ ಮಾಡಬೇಕು, ಎದ್ದು ಓದಬೇಕು. ಹೋರಾಟಕ್ಕೆ ಬೇಕಾದದ್ದು ಬದುಕಿರುವ ಜನ.